ಕಡಿತಕ್ಕೆ ಕಾರಣ

ಇಲ್ಲ... ಇಲ್ಲಮ್ಮಾ, ಅದನ್ನೂ ನೋಡಿದ್ದಾಯ್ತು! ಅದೇ ಲೈನಿಗೆ ಇನ್ನೊಂದು ಪ್ಯಾರಲಲ್ ಫೋನ್ ಇತ್ತು, ಅಡುಗೆಮನೇಲಿ. ಅದನ್ನ ಎತ್ತಿದರೆ ಇಂಟರ್ನೆಟ್ ಹೋಗುತ್ತೆ ಅಂತ ಸೋಮವಾರವೇ ಕಿತ್ತು ಬೀರುವಿನ ಮೇಲೆ ಹಾಕಿದೆ. ತಂಗಿ ಹತ್ತಿರ ಮಾತಾಡೋಕೆ ಆಗ್ತಿಲ್ಲ ಅಂತ ನಮ್ಮ ಮನೆಯವಳು ಮೂರು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಆದರೂ ಇಂಟರ್ನೆಟ್ ಕಟ್ ಆಗುತ್ತೆ. ಎತ್ತೋಕೆ ಇನ್ನೊಂದು ರಿಸೀವರ್ರೇ ಇಲ್ಲ, ಕಟ್ ಮಾತ್ರ ಆಗುತ್ತೆ! ಇದಕ್ಕೇನಂತೀರಿ?

ಆ ಪುಸ್ತಕ ಮುಚ್ಚಿ. ದಯವಿಟ್ಟು ಮುಚ್ಚಿ. ಅದರಲ್ಲಿರೋ ಪ್ರಶ್ನೆಗಳನ್ನೆಲ್ಲ ನಿಮ್ಮ ಹೆಲ್ಪ್‌ಲೈನಿನವರು ಕೇಳಿ ಮುಗಿಸಿದ್ದಾರೆ. ವೈರ್ ಸರಿಯಾಗಿ ಚುಚ್ಚಿದ್ದೀರಾ ಸಾರ್? ಚುಚ್ಚಿದ್ದೀನಿ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರಾ ಸಾರ್? ಅದಕ್ಕೇ ಬೇಸರ ಬರುವಷ್ಟು ಸಲ ಮಾಡಿದ್ದೀನಿ. ಕಾಲ್ ವೇಟಿಂಗ್ ತೆಗೆಸಿದ್ದೀನಿ. ಹೊಸ ವೈರ್ ಹಾಕಿದ್ದೀನಿ. ಮೋಡೆಮ್ ಬಿಸಿಯಾಗಿರಬಹುದು ಅಂದರು. ಅದರ ನಾಲ್ಕು ಮೂಲೆಗೂ ಒಂದೊಂದು ಬೆಂಕಿಪೊಟ್ಟಣ ಕೊಟ್ಟು ಎತ್ತರ ಮಾಡಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು, ಹೊಸ ಅಳಿಯನಿಗೆ ಮಾಡೋ ಹಾಗೆ ಉಪಚಾರ ಮಾಡಿದ್ದೀನಿ!

ಯಾಕೆ ನಗ್ತೀರಿ? ನಗೋ ವಿಷಯ ಅಲ್ಲ ಇದು. ಒಂದು ಇಮೇಲ್ ಕಳಿಸೋಕೆ ನನಗೆ ಇವತ್ತು ಐದು ಗಂಟೆಯ ಗಡುವು ಇದೆ. ಈಗಲೇ ನಾಲ್ಕೂಕಾಲು.

ಶಬ್ದಾನಾ? ಶಬ್ದ ಸರಿಯಾಗೇ ಮಾಡುತ್ತೆ. ಮೊದಲು ಡಯಲ್ ಮಾಡಿದ್ದು ಕೇಳಿಸುತ್ತೆ, ಆಮೇಲೆ ಟೊಂಯ್‌ಯ್... ಆಮೇಲೆ ಕಿರ್ರ್ರ್... ಆಮೇಲೆ ಇಬ್ಬರು ಜಗಳಕ್ಕೆ ನಿಂತ ಹಾಗೆ ಬುಸ್ ಬುಸ್ ಶ್ಶ್ಶ್... ಆಮೇಲೆ ನಿಶ್ಶಬ್ದ. ಅಂದರೆ ಕನೆಕ್ಟ್ ಆಯ್ತು ಅಂತ. ಸಾಕಾ, ಇನ್ನೊಂದು ಸಲ ಕೂಗಲಾ? ಪಕ್ಕದ ಮೇಜಿನವರೂ ಕೆಲಸ ಬಿಟ್ಟು ಇತ್ತ ನೋಡ್ತಿದ್ದಾರೆ. ನೋಡಲಿ, ನೋಡಲಿ.

ಈಗ ನೀವು ನನ್ನ ಮೋಡೆಮ್ ಚುಚ್ಚಿದ್ದೀರಲ್ಲ, ನಿಮ್ಮ ಲೈನಿಗೆ... ಎಷ್ಟು ಹೊತ್ತಾಯ್ತು? ಇಪ್ಪತ್ತು ನಿಮಿಷ? ಒಂದು ಸಲವೂ ಕಟ್ ಆಗಿಲ್ವಾ? ಆಗಲ್ಲ! ಇಲ್ಲಿ ಆಗಲ್ಲ! ಇಲ್ಲಿ ಕೈಕಟ್ಟಿ ಕೂತಿರುತ್ತೆ. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದಕ್ಕೆ ನನ್ನ ಮಾನ ತೆಗೀತಿದೆ. ಅಂದರೆ ಮೋಡೆಮ್ಮಿನದು ತಪ್ಪಿಲ್ಲ ಅಂತಾಯ್ತು. ಅಂದರೆ ಲೈನಿನದು. ಅಂದರೆ ನಿಮ್ಮದು. ಅಷ್ಟನ್ನೇ ಒಂದು ಕಾಗದದ ಮೇಲೆ ಬರೆದುಕೊಡಿ ಅಂತ ಬಂದಾಗಿನಿಂದ ಕೇಳ್ತಿದ್ದೀನಿ. ಸೋಮವಾರದಿಂದ ಇವತ್ತಿನವರೆಗೆ ಈ ಗ್ರಾಹಕರ ಸಂಪರ್ಕ ಪದೇ ಪದೇ ಕಡಿತಗೊಂಡಿದೆ, ಇದು ತಾಂತ್ರಿಕ ದೋಷ. ಎರಡೇ ಸಾಲು. ಒಂದು ರುಜು, ಒಂದು ಮೊಹರು.

ಇಲ್ಲಿಂದಲೇ ಕಳಿಸೋದಾ? ಬೇಡ. ಬೇಡಮ್ಮಾ... ಫೈಲ್ ಮನೆ ಕಂಪ್ಯೂಟರಿನಲ್ಲಿದೆ. ಅಲ್ಲದೆ ಅದು ಕಚೇರಿಯ ವಿಷಯ, ಗೋಪ್ಯ, ಹೀಗೆ ನಾಲ್ಕು ಜನ ಓಡಾಡೋ ಕಡೆ... ಇಲ್ಲ, ಅದಾಗಲ್ಲ. ನಾನು ಕೇಳಿದ್ದು ಪತ್ರ. ಪತ್ರ ಕೊಡಿ.

ತಾಳಿ, ನೀವು ನನ್ನನ್ನ ಸುಮ್ಮನೆ ಕೂಗಾಡೋ ಮನುಷ್ಯ ಅಂದ್ಕೊಂಡಿದ್ದೀರಿ. ನಾನು ಕುಡಿಯೋ ನೀರಿನ ಶುದ್ಧೀಕರಣ ಕೇಂದ್ರದಲ್ಲಿ ಸೂಪರಿಂಟೆಂಡೆಂಟ್. ಇಪ್ಪತ್ತಾರು ವರ್ಷ. ರಿಜಿಸ್ಟರಿನಲ್ಲಿ ಬರೀದೆ ಒಂದು ವಾಲ್ವನ್ನೂ ತಿರುಗಿಸೋ ಹಾಗಿಲ್ಲ ನಮ್ಮಲ್ಲಿ. ಆ ನಿಯಮ ತಂದವನೇ ನಾನು. ಬಾಯಿಮಾತಿಗೆ ಬೆಲೆ ಇಲ್ಲ, ಬರೆದಿದ್ದಕ್ಕೆ ಬೆಲೆ. ನನಗೆ ಅಲ್ಲಿ ಇಟ್ಟಿರೋ ಅಡ್ಡಹೆಸರೇ ಅದು, ‘ರಿಜಿಸ್ಟರ್ ತಾತ’. ನನ್ನ ಕಿವಿಗೆ ಬೀಳಲ್ಲ ಅಂದ್ಕೊಂಡಿದ್ದಾರೆ. ಇರಲಿ.

ಹೀಗಿರೋನು ಬರಿಗೈಯಲ್ಲಿ ದೂರು ತರ್ತೀನಾ? ಈ ಡೈರಿ ನೋಡಿ. ಸೋಮವಾರ, ಸಂಜೆ ಆರು ಹನ್ನೆರಡಕ್ಕೆ ಕನೆಕ್ಟ್. ಆರು ಹತ್ತೊಂಬತ್ತು ನಲವತ್ತು ಸೆಕೆಂಡಿಗೆ ಕಟ್. ಮತ್ತೆ ಆರು ಮೂವತ್ತಕ್ಕೆ. ಮತ್ತೆ ಕಟ್. ಮಂಗಳವಾರ ನಾಲ್ಕು ಸಲ. ಬುಧವಾರ ಅರ್ಧ ದಿನ ರಜೆ ಹಾಕಿ ಕೂತೆ, ಅವತ್ತು ಐದು. ಪ್ರತಿಯೊಂದಕ್ಕೂ ಸೆಕೆಂಡ್ ಸಮೇತ ಬರೆದಿದ್ದೀನಿ. ನಿಮ್ಮ ಕಂಪ್ಯೂಟರಿನಲ್ಲೂ ಲೆಕ್ಕ ಇರುತ್ತಲ್ಲ, ತಾಳೆ ನೋಡಿ. ನೋಡಿಯಮ್ಮಾ, ಸಂಕೋಚ ಬೇಡ.

...ಬಂತಾ? ಹೇಳಿ. ಸೋಮವಾರ? ಹ್ಞಾಂ! ಆರು ಹತ್ತೊಂಬತ್ತು ನಲವತ್ತು! ನಾನು ಹೇಳಿದ್ದೇನು? ಮಂಗಳವಾರ? ಅದೂ ಸರಿನಾ? ನೋಡಿದ್ರಾ! ಒಂದು ಸೆಕೆಂಡ್ ಆಚೀಚೆ ಇಲ್ಲ. ಇಷ್ಟು ನಿಖರವಾಗಿ ದೂರು ಕೊಟ್ಟ ಗ್ರಾಹಕನನ್ನ ನೀವು ಹಿಂದೆ ನೋಡಿದ್ದೀರಾ?

ಯಾಕೆ ಹಾಗೆ ನೋಡ್ತೀರಿ?

ಹೇಗೆ ಗೊತ್ತಾಯ್ತು ಅಂದರೆ... ನೋಡ್ತಾ ಕೂತಿದ್ದೆ, ಗೊತ್ತಾಯ್ತು. ಪರದೆಯ ಕೆಳಗೆ ಮೂಲೇಲಿ ಎರಡು ಪುಟ್ಟ ಕಂಪ್ಯೂಟರಿನ ಚಿತ್ರ ಮಿನುಗ್ತಿರುತ್ತಲ್ಲ, ಅದು ಹೋಗುತ್ತೆ. ಹೋದ ತಕ್ಷಣ ಗಡಿಯಾರ ನೋಡ್ತೀನಿ. ಬೇರೆಯವರಿಗೆ ಎಷ್ಟೋ ಹೊತ್ತಾದ ಮೇಲೆ ಗೊತ್ತಾಗುತ್ತಾ? ಅವರು ಗಮನ ಕೊಡಲ್ಲ, ನಾನು ಕೊಡ್ತೀನಿ. ಅಷ್ಟೇ.

ಈಗ ಪತ್ರ ಬರೀರಿ. ನಾಲ್ಕು ಇಪ್ಪತ್ತೆಂಟು ಆಯ್ತು.

ಯಾಕೆ ಇಷ್ಟು ಅವಸರ ಅಂದರೆ, ಒಬ್ಬನ ಕೆಲಸದ ಪ್ರಶ್ನೆ ಅಮ್ಮಾ. ನನ್ನ ಕೆಲಸ ಅಲ್ಲ. ನಮ್ಮ ವಾಲ್ವ್‌ಮನ್‌ದು. ಹದಿನೆಂಟು ವರ್ಷದಿಂದ ನನ್ನ ಕೈಕೆಳಗೇ ಇದ್ದಾನೆ. ಹೋದ ತಿಂಗಳು ಕ್ಲೋರಿನ್ ಪೈಪಿನ ಒಂದು ಜಾಯಿಂಟ್ ಸೋರ್ತು. ರಿಪೇರಿಗೆ ಅಂತ ವಾಲ್ವ್ ಮುಚ್ಚಿದ್ದ. ರಿಪೇರಿ ಮಧ್ಯಾಹ್ನಕ್ಕೇ ಮುಗೀತು. ವಾಲ್ವ್ ಮಾತ್ರ ಮಾರನೇ ದಿನದವರೆಗೂ ಮುಚ್ಚಿದ ಹಾಗೇ ಇತ್ತು. ಕ್ಲೋರಿನ್ ಸೇರದ ನೀರು ಮನೆ ಮನೆಗೆ ಹೋಯ್ತು. ಎಂಬತ್ತು ಜನ ಹೊಟ್ಟೆ ಹಿಡ್ಕೊಂಡು ಆಸ್ಪತ್ರೆ ಸೇರಿದರು. ಮಕ್ಕಳೂ ಇದ್ದರು. ಯಾರೂ ಸಾಯಲಿಲ್ಲ, ಅದೊಂದು ಪುಣ್ಯ.

ಈಗ ವಿಚಾರಣೆ. ನನ್ನ ಹೇಳಿಕೆ ಇವತ್ತು ಐದರೊಳಗೆ ಮುಖ್ಯ ಕಚೇರಿಗೆ ಇಮೇಲಿನಲ್ಲಿ ಸೇರಬೇಕು. ಸೇರದಿದ್ದರೆ, ಸೂಪರಿಂಟೆಂಡೆಂಟರಿಗೆ ಹೇಳೋದೇನೂ ಇಲ್ಲ ಅಂತ ಬರ್ಕೊಂಡು ಅವನನ್ನ ವಜಾ ಮಾಡ್ತಾರೆ. ಇಷ್ಟೇ ವಿಷಯ.

ಆ? ಯಾರು ಹೇಳಿ ಅವನು ವಾಲ್ವ್ ಮುಚ್ಚಿದ ಅಂತಾನಾ? ಅದು... ಅದು ವಿಚಾರಣೆಗೆ ಬಿಟ್ಟ ವಿಷಯ. ನಿಮಗ್ಯಾಕೆ? ರಿಜಿಸ್ಟರಿನಲ್ಲಿ ಏನೂ ಇಲ್ಲ. ಆ ದಿನದ ಪುಟ ಖಾಲಿ.

ಅವನೇನು ಹೇಳಿದ ಗೊತ್ತಾ ವಿಚಾರಣೆಯವರ ಮುಂದೆ? ‘ನನ್ನನ್ನ ಏನೂ ಕೇಳಬೇಡಿ, ನಮ್ಮ ಸಾಹೇಬರನ್ನ ಕೇಳಿ. ಅವರು ಏನು ಬರೀತಾರೋ ಅದಕ್ಕೆ ನಾನು ಕಣ್ಣುಮುಚ್ಚಿ ರುಜು ಹಾಕ್ತೀನಿ’ ಅಂದ. ಪೆದ್ದ! ಶುದ್ಧ ಪೆದ್ದ! ಯಾರಾದರೂ ಹಾಗನ್ನುತ್ತಾರಾ? ಅವನ ಹೆಂಡತಿ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಅಳ್ತಾಳೆ, ಬಾಯಿಗೆ ಬಂದ ಹಾಗೆ ಬಯ್ತಾಳೆ ಅಂತ ನಾನು ಮನಸ್ಸು ಗಟ್ಟಿ ಮಾಡ್ಕೊಂಡು ಬಾಗಿಲು ತೆಗೆದರೆ... ‘ನಿಮ್ಮ ಕೈಯಲ್ಲಿದೆಯಲ್ಲ ಅಣ್ಣಾ, ಇನ್ನು ನಮಗೆ ಭಯ ಇಲ್ಲ’ ಅಂತ ನಕ್ಕೊಂಡು ಹೋದಳು. ನಕ್ಕೊಂಡು!

ಅದಕ್ಕೇ ಹೇಳ್ತಿರೋದು, ಪತ್ರ ಕೊಡಿ. ನಾನು ಪ್ರಯತ್ನ ಮಾಡಿದ್ದೀನಿ ಅನ್ನೋಕೆ ಒಂದು ದಾಖಲೆ ಬೇಕು. ನಾಳೆ ಅವಳು ಬಂದು ಕೇಳಿದರೆ... ವಿಚಾರಣೆಯವರು ಕೇಳಿದರೆ, ಅಂದೆ. ಹೆಚ್ಚು ದಿನ ಕೊಡಿ ಅಂತ ಕೇಳೋಕೆ. ಕೊಡ್ತಾರಾ ಅಂದರೆ... ನಿಯಮದಲ್ಲಿ ಇಲ್ಲ. ಇಲ್ಲ, ಕೊಡಲ್ಲ. ಆದರೂ ಒಂದು ಪತ್ರ ಅಂತ ಇದ್ದರೆ...

ಏನದು? ಪರದೆ ಯಾಕೆ ನನ್ನ ಕಡೆ ತಿರುಗಿಸಿದ್ರಿ? ನೋಡಿದೆನಲ್ಲ, ತಾರೀಕು ಸರಿ, ಸಮಯ ಸರಿ. ಕೊನೇ ಸಾಲಾ? ಇದಾ, ಕಡಿತಕ್ಕೆ ಕಾರಣ... ಕನ್ನಡಕ ಎಲ್ಲಿ... ‘ಯೂಸರ್ ರಿಕ್ವೆಸ್ಟ್’. ಯೂಸರ್ ರಿಕ್ವೆಸ್ಟ್. ಯೂಸರ್ ರಿಕ್ವೆಸ್ಟ್... ಎಲ್ಲದಕ್ಕೂ ಅದೇ ಇದೆಯಲ್ಲ?

ನಾನು ಯಾವ ರಿಕ್ವೆಸ್ಟೂ ಕೊಟ್ಟಿಲ್ಲ! ಅರ್ಜಿ ಎಲ್ಲಿದೆ? ನನ್ನ ರುಜು ಎಲ್ಲಿದೆ? ನಿಮ್ಮ ಯಂತ್ರಕ್ಕೆ ಬುದ್ಧಿ ಇಲ್ಲ. ಯಾರ ಲೈನ್ ಹೋದರೂ ಹೀಗೇ ಗೀಚುತ್ತೆ ಅನ್ಸುತ್ತೆ. ಬೇರೆಯವರದು ತೋರಿಸಿ. ಇಲ್ಲ, ತೋರಿಸಿ!

...ಇವರದು ಬೇರೆ ಇದೆ. ‘ಲಾಸ್ಟ್ ಕ್ಯಾರಿಯರ್’. ಇವರದೂ. ಲೈನ್ ತಾನಾಗೇ ಹೋದರೆ ಹಾಗೆ ಬರುತ್ತಾ? ಮತ್ತೆ ನನ್ನದರ ಥರ ಬರಬೇಕು ಅಂದರೆ... ಹ್ಞೂಂ. ಡಿಸ್‌ಕನೆಕ್ಟ್ ಅಂತ ಒತ್ತಬೇಕು. ಮನೇಲಿ ಬೇರೆ ಯಾರು ಮುಟ್ತಾರೆ ಅದನ್ನ? ಮನೆಯವಳಿಗೆ ಮೌಸ್ ಹಿಡಿಯೋಕೂ ಬರಲ್ಲ. ಅವಳಾಗಿರಲ್ಲ.

ಏನಾದರೂ ಹೇಳಿ.

ಇಷ್ಟು ಹೊತ್ತು ಪುಸ್ತಕ ನೋಡ್ಕೊಂಡು ಪ್ರಶ್ನೆ ಕೇಳಿದ್ರಲ್ಲ, ಈಗಲೂ ಕೇಳಿ. ವೈರ್ ಚುಚ್ಚಿದ್ದೀರಾ ಸಾರ್ ಅಂತ ಕೇಳಿ! ಸುಳ್ಳುಗಾರ ಅನ್ನಿ. ಅಂದುಬಿಡಿ. ನನ್ನ ಮಗಳ ವಯಸ್ಸಿನವರು, ಪರವಾಗಿಲ್ಲ... ಆದರೆ ಹೀಗೆ ಸುಮ್ಮನೆ ಕೂರಬೇಡಿ. ಬಯ್ಯೋರನ್ನ ತಡ್ಕೋಬಹುದು.

...

ಕನೆಕ್ಟ್ ಆಗುತ್ತೆ. ಪ್ರತಿ ಸಲವೂ ಚೆನ್ನಾಗೇ ಕನೆಕ್ಟ್ ಆಗುತ್ತೆ. ಹೇಳಿಕೆ ತೆರೀತೀನಿ. ಓದ್ತೀನಿ. ಒಂದು ಕಾಮಾ ಸರಿ ಮಾಡ್ತೀನಿ. ‘ಸೆಂಡ್’ ಮೇಲೆ ಬಾಣ ತಂದು ನಿಲ್ಲಿಸ್ತೀನಿ. ಆಮೇಲೆ ಕೈ ತಾನಾಗೇ ಕೆಳಗಿನ ಮೂಲೆಗೆ ಹೋಗುತ್ತೆ, ಆ ಎರಡು ಪುಟ್ಟ ಕಂಪ್ಯೂಟರಿನ ಹತ್ತಿರ. ಕಟ್ ಮಾಡ್ತೀನಿ. ಡೈರೀಲಿ ಸಮಯ ಬರೀತೀನಿ. ಎದ್ದು ಹೋಗಿ ಮನೆಯವಳಿಗೆ, ‘ಹಾಳಾದ್ದು ಮತ್ತೆ ಹೋಯ್ತು’ ಅಂತ ಕೂಗ್ತೀನಿ. ಅವಳು ಅಯ್ಯೋ ಅಂತಾಳೆ... ಮೊದಲ ದಿನ ಅಂದಳು. ಆಮೇಲೆ ಅದೂ ಇಲ್ಲ. ಅವಳು ಮಾತು ಬಿಟ್ಟಿದ್ದು ಫೋನ್ ಕಿತ್ತಿದ್ದಕ್ಕೆ ಅಂದ್ಕೊಂಡಿದ್ದೆ ನಾನು... ಅವಳಿಗೆ ಗೊತ್ತಾಗಿದೆ. ಅವಳಿಗೂ ಗೊತ್ತಾಗಿಬಿಟ್ಟಿದೆ, ಅಲ್ವಾ?

ನಾನೇ ಹೇಳಿದ್ದಮ್ಮಾ ಅವನಿಗೆ. ವಾಲ್ವ್ ಮುಚ್ಚು ಅಂತ. ಬೆಳಿಗ್ಗೆ, ಮನೆಯಿಂದ, ಕೆನ್ನೆಗೆ ಸೋಪು ಹಚ್ಕೊಂಡು ಫೋನಿನಲ್ಲಿ ಹೇಳಿದೆ. ‘ಮುಚ್ಚಪ್ಪಾ, ಜಾಯಿಂಟ್ ಸೋರ್ತಿದೆ. ತೆಗೀಬೇಕಾದಾಗ ನಾನು ಹೇಳ್ತೀನಿ, ಅಲ್ಲಿವರೆಗೆ ಮುಟ್ಟಬೇಡ.’ ಅವನು ಕೇಳಿದ, ‘ರಿಜಿಸ್ಟರಿನಲ್ಲಿ ಬರೀಲಾ ಸಾಹೇಬ್ರೇ?’ ಅಂತ. ಕೇಳಿದ! ನಾನು ಹೇಳಿಕೊಟ್ಟ ಪಾಠ ಅವನು ಮರೆತಿರಲಿಲ್ಲ. ‘ಬಂದು ನಾನೇ ಬರೀತೀನಿ’ ಅಂದೆ. ಅವತ್ತು ಒಂದು ಮೀಟಿಂಗ್ ಇತ್ತು, ನೇರ ಅಲ್ಲಿಗೆ ಹೋದೆ. ಮರೆತೆ. ಇಡೀ ದಿನ ಮರೆತೆ. ಅವನು ಮುಟ್ಟಲಿಲ್ಲ. ಮುಟ್ಟಬೇಡ ಅಂದಿದ್ದೆನಲ್ಲ.

ಇನ್ನು ಹತ್ತು ತಿಂಗಳಿದೆ ನನ್ನ ನಿವೃತ್ತಿಗೆ. ಅವನಿಗೆ ಹದಿನೈದು ವರ್ಷ.

ಹೇಳಿಕೇಲಿ ಇದನ್ನೇ ಬರೆದಿದ್ದೀನಿ, ನಂಬಿ. ನಿಜವನ್ನೇ ಬರೆದಿದ್ದೀನಿ. ಬರೆಯೋದು ಕಷ್ಟ ಆಗಲಿಲ್ಲ. ಬರೆದಿದ್ದು ನನ್ನ ಕೈ ಬಿಟ್ಟು ಹೋಗಬೇಕಲ್ಲ... ಅದು.

ಗಂಟೆ ಎಷ್ಟು? ನಾಲ್ಕು ನಲವತ್ತಾರು.

ಇದೇನು, ಕೀಬೋರ್ಡ್ ಇತ್ತ ತಳ್ತಿದ್ದೀರಿ? ಇದು... ಇದು ನಿಮ್ಮ ಲೈನಾ? ಫೈಲ್ ಬೇಕಿಲ್ಲ, ಆಗ ಸುಮ್ಮನೆ ಹೇಳಿದೆ. ಆರು ಸಾಲು, ಬಾಯಿಗೇ ಬರುತ್ತೆ. ಎಲ್ಲಿ ಟೈಪ್ ಮಾಡೋದು, ಇಲ್ಲೇನಾ? ವಿಳಾಸ ನನಗೆ ಗೊತ್ತು. ಇದು ಕಟ್ ಆಗಲ್ವಲ್ಲ ಮಧ್ಯದಲ್ಲಿ... ಛೆ, ಏನು ಕೇಳ್ತಿದ್ದೀನಿ ನಾನು.

ಅರೆ, ನೀವೆಲ್ಲಿಗೆ ಎದ್ರಿ? ಗೋಪ್ಯ ಅಂದಿದ್ದಕ್ಕಾ? ಬೇಡಮ್ಮಾ, ಹೋಗಬೇಡಿ. ಕೂತ್ಕೊಳ್ಳಿ. ಏನೂ ಮಾತಾಡಬೇಡಿ, ಪರವಾಗಿಲ್ಲ. ಪಕ್ಕದಲ್ಲಿ ಕೂತು ನನ್ನ ಕೈ ಕಡೆ ನೋಡ್ತಿರಿ. ಒಬ್ಬನನ್ನೇ ಬಿಟ್ಟರೆ ನಾನು ಮತ್ತೆ ಕಟ್ ಮಾಡಿಬಿಡ್ತೀನಿ.