ಬಲದಿಂದ ಓದುವ ಮೆಷಿನ್

2002ರ ಮೇ ತಿಂಗಳು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ವೇಣೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಇಂಜಿನಿಯರಿಂಗ್ ಹುಡುಗರು ಶರಬತ್ತು ಕುಡಿಯುತ್ತಿದ್ದರು. ಕಂಪ್ಯೂಟರಿಗೆ ತಾವೇ ಒಂದು ಭಾಷೆ ಕಟ್ಟಿ, ಅದನ್ನು ನಡೆಸುವ ಇಂಟರ್‌ಪ್ರಿಟರನ್ನು ಆಗಷ್ಟೇ ಪರೀಕ್ಷಕರಿಗೆ ತೋರಿಸಿ ಬಂದಿದ್ದರಂತೆ.

"ಅಂತೂ ಪಾಸ್ ಮಾರಾಯ!"

"ನಿನ್ನೆ ನನ್ನ ಜೀವವೇ ಹೋಗಿತ್ತು, ಭವಿತ್. ನಮ್ಮ ಪಿಸಿಯಲ್ಲಿ ಎಲ್ಲ ಸರಿ ಉಂಟು. ಲ್ಯಾಬಿನ ದೊಡ್ಡ ಮೆಷಿನ್ನಿಗೆ ಹಾಕಿದರೆ ಒಂದು ಅಂತ ಬರೆದದ್ದು ಕೋಟಿಗಟ್ಟಲೆ ಆಗ್ತದೆ!"

"ನಾನು ಲೆಕ್ಕದಲ್ಲೇ ತಪ್ಪು ಹುಡುಕ್ತಾ ಇದ್ದೆ, ಇಹ್ಸಾನ್. ಅದರ ಪ್ರೊಸೆಸರ್ ಸಂಖ್ಯೆಯನ್ನು ಆಚೆ ಕಡೆಯಿಂದ ಓದ್ತದೆ, ಖಾಲಿ ಸೊನ್ನೆಗಳೆಲ್ಲ ಒಂದರ ಬೆನ್ನಿಗೆ ಬಂದು ಬೀಳ್ತವೆ ಅಂತ ನಿನಗೆ ಹೇಗೆ ಹೊಳೆಯಿತು?"

"ಬೆಳಿಗ್ಗೆ ಮದ್ರಸದಲ್ಲಿ ಅರಬಿ ಬಲದಿಂದ ಓದಿ, ಮತ್ತೆ ಶಾಲೆಗೆ ಹೋಗಿ ಕನ್ನಡ ಎಡದಿಂದ ಓದಿದವ ಅಲ್ವಾ ನಾನು?"

"ಈಗ ಯಾವ ಮೆಷಿನ್ನಿಗೆ ಹಾಕಿದರೂ, ಯಾವ ಕಡೆಯಿಂದ ಓದಬೇಕಂತ ನಮ್ಮ ಇಂಟರ್‌ಪ್ರಿಟರೇ ಮೊದಲು ನೋಡಿಕೊಳ್ತದೆ. ಎಲ್ಲ ನಿಮ್ಮ ಮದ್ರಸದ ಉಸ್ತಾದರ ಪುಣ್ಯ. ಹೋಗಿ ಅವರಿಗೆ ಹೇಳು."

ಸಿದ್ಧಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸು ಬಂತು. ಇಹ್ಸಾನ್ ಓಡಿ ಹತ್ತಿದವನು ಫುಟ್‌ಬೋರ್ಡಿನಿಂದಲೇ ಕೂಗಿದ:

"ಹೇಳ್ತೇನೆ! ಕಿತಾಬನ್ನು ಎಡದಿಂದ ಬಿಡಿಸಿದೆ ಅಂತ ನನಗೆ ಬೆತ್ತದಲ್ಲಿ ಕೊಟ್ಟದ್ದು ಅವರೇ!"