ಒಂದು ನಿಮಿಷದ ಓದು

ಹಲೋ... ಹಲೋ, ಯಾರು ಮಾತಾಡ್ತಿರೋದು? ಹುಡುಗಿ ತಾಯೀನಾ? ... ಹಾಂ, ನಾನಮ್ಮಾ, ನಿಮ್ಮ ಮಗಳ ಕ್ಲಾಸ್ ಟೀಚರ್. ಒಂಬತ್ತನೇ ಕ್ಲಾಸು. ಅಂತೂ ಎತ್ತಿದ್ರಲ್ಲ! ಬೆಳಗ್ಗೆಯಿಂದ ಆರು ಸಲ ಮಾಡಿದ್ದೀನಿ.

...

ಕೆಲಸದಲ್ಲಿದ್ರಾ? ಆಸ್ಪತ್ರೆ ಲಾಂಡ್ರಿ ಒಳಗೆ ಫೋನ್ ಬಿಡಲ್ವಾ? ಒಳ್ಳೇದು. ನಿಮ್ಮ ಸೂಪರ್‌ವೈಸರಿಗೆ ಬುದ್ಧಿ ಇದೆ. ನಾನೂ ಅದನ್ನೇ ಮಾಡೋದು. ಬೆಲ್ ಹೊಡೆದ ತಕ್ಷಣ ಒಬ್ಬೊಬ್ಬರ ಬ್ಯಾಗ್ ತಡವಿ, ಮೊಬೈಲ್ ಕಿತ್ಕೊಂಡು, ಕಬ್ಬಿಣದ ಪೆಟ್ಟಿಗೇಲಿ ಹಾಕಿ ಬೀಗ. ಈಗ್ಲೂ ಸ್ಟಾಫ್ ರೂಮಲ್ಲಿ ನನ್ನ ಮುಂದೇನೇ ಇದೆ ಪೆಟ್ಟಿಗೆ. ಒಳಗೆ ಎರಡು ಗುಂಯ್‌ಗುಡ್ತಾ ಇದಾವೆ, ಕೇಳಿಸ್ತಾ? ಬೇಕಾದ್ರೆ ಅಪ್ಪಂದಿರೇ ಬಂದು ತಗೊಂಡು ಹೋಗ್ಲಿ ಅಂದಿದ್ದೀನಿ. ಒಬ್ಬ ಅಪ್ಪನೂ ತಲೆ ಹಾಕಿಲ್ಲ.

...

ಏನೋ ಹೇಳ್ಬೇಕಾ? ಇರಿ, ಆಮೇಲೆ ಹೇಳೀರಂತೆ. ಮೊದಲು ನಾನು ಮುಗಿಸ್ತೀನಿ. ನಾಳೆ ಹತ್ತು ಗಂಟೆಗೆ ಹೆಡ್‌ಮಾಸ್ಟರ್ ರೂಮಲ್ಲಿ ನನ್ನ ವಿಚಾರಣೆ ಇದೆ. ವಿಚಾರಣೆ ಅಂದ್ರೆ ಗೊತ್ತಲ್ಲ? ಇಪ್ಪತ್ತಾರು ವರ್ಷ ಪಾಠ ಮಾಡಿದವಳನ್ನ ಕೂರಿಸ್ಕೊಂಡು ಐದು ಜನ ಕಳ್ಳಿ ಥರ ಪ್ರಶ್ನೆ ಕೇಳೋದು. ಯಾಕಪ್ಪಾ ಅಂದ್ರೆ ನಿಮ್ಮ ಮಗಳ ಒಂದು ವಿಡಿಯೊ. ಒಂದು ನಿಮಿಷದ ವಿಡಿಯೊ! ಇಲಿ ಹೋದ್ರೆ ಹುಲಿ ಹೋಯ್ತು ಅನ್ನೋ ಜನ.

...

ಅಯ್ಯೋ, ಅದರಲ್ಲಿ ಏನು ತಪ್ಪಮ್ಮಾ? ಪ್ರತಿ ಸೋಮವಾರ ಒಂದು ಮಗು ಎದ್ದು ನಿಂತು ಒಂದು ನಿಮಿಷ ಓದ್ಬೇಕು. ನಾನು ಟೈಮ್ ಇಟ್ಟು ವಿಡಿಯೊ ಮಾಡಿ, ಎಷ್ಟು ಪದ ಓದಿದ್ರು ಅಂತ ಕೆಳಗೆ ಬರೆದು ತಂದೆತಾಯಿಗಳ ಗ್ರೂಪಿಗೆ ಹಾಕ್ತೀನಿ. ಮೂರು ವರ್ಷದಿಂದ ನಡೀತಾ ಇದೆ. ನೂರಾ ನಲವತ್ತು ಪದ ಓದಿದ ಹುಡುಗನ ತಾಯಿ ರಸ್ತೇಲಿ ನಿಲ್ಲಿಸಿ ನನಗೆ ಕೈ ಮುಗಿದ್ರು. ನಿಮ್ಮ ಮಗಳು ಓದಿದ್ದು ನಾಲ್ಕು ಪದ. ಒಂದು ನಿಮಿಷಕ್ಕೆ ನಾಲ್ಕು. ನಲವತ್ತು ಅಂತ ಸುಳ್ಳು ಬರೀಲಾ ನಾನು?

...

ಹಾಂ, ತೊದಲುತ್ತೆ. ಗೊತ್ತು. ಜೂನಿಂದ ಕೇಳ್ತಾ ಇದ್ದೀನಿ, ನನಗೆ ಗೊತ್ತಿಲ್ವಾ? ಹಾಜರಿ ಕೂಗಿದ್ರೆ ಅವಳು 'ಬಂದಿದ್ದೀನಿ' ಅನ್ನೋಷ್ಟರಲ್ಲಿ ನಾನು ಇನ್ನೂ ಮೂರು ಹೆಸರು ಕೂಗಿರ್ತೀನಿ. ಹಾಗಂತ ಬಿಟ್ಟುಬಿಡೋಕಾಗುತ್ತಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ನಾಲ್ಕು ಜನ ನೋಡ್ತಾರೆ ಅನ್ನೋ ನಾಚಿಕೆ ಹುಟ್ಟಿದ್ರೆ ನಾಲಿಗೆ ತಾನಾಗೇ ದಾರಿಗೆ ಬರುತ್ತೆ. ಅವಳ ಒಳ್ಳೇದಕ್ಕೇ ಹಾಕಿದ್ದು.

...

ನಾಲ್ಕು ಜನ ಅಲ್ಲ, ಹನ್ನೊಂದು ಸಾವಿರ ಜನ ನೋಡಿದ್ರು ಅಂದ್ರೆ ಅದಕ್ಕೆ ನಾನೇನ್ ಮಾಡ್ಲಿ? ನಾನು ಹಾಕಿದ್ದು ಗ್ರೂಪಿಗೆ. ಅಲ್ಲಿಂದ ಯಾವನೋ ತೆಗೆದು, ಹಿಂದೆ ಒಂದು ಡೋಲಿನ ಸದ್ದು ಸೇರಿಸಿ, ಅವಳು ಬಾಯಿ ತೆರೆದಾಗಲೆಲ್ಲಾ ಮುಖದ ಮೇಲೆ ಒಂದು ಚಕ್ರ ತಿರುಗೋ ಹಾಗೆ ಮಾಡಿ ಬಿಟ್ಟ. ವಿಡಿಯೊ ನಿಂತುಹೋದಾಗ ತಿರುಗುತ್ತಲ್ಲ, ಅದು. ಅದಕ್ಕೇ ಅವಳಿಗೆ 'ಬಫರಿಂಗ್' ಅಂತ ಹೆಸರು ಬಿದ್ದಿದ್ದು. ಬಫ... ಇಲ್ಲ ಇಲ್ಲ, ನಾನು ನಗ್ತಾ ಇಲ್ಲ. ಕೆಮ್ಮು. ಸೀಮೆಸುಣ್ಣದ ಧೂಳು.

...

ಅಂಗಡಿಯವನೂ ಹಾಗೇ ಕರೆದ್ನಾ? ... ಬಸ್ಸಲ್ಲೂನಾ? ... ಅದನ್ನೇ ಕಣಮ್ಮಾ ನಾನು ಹೇಳೋದು, ಕಾಲ ಕೆಟ್ಟುಹೋಯ್ತು. ನಾನು ಕೆಲಸಕ್ಕೆ ಸೇರಿದಾಗ ಒಂದು ಮಗು ತಪ್ಪು ಓದಿದ್ರೆ ಆ ನಾಲ್ಕು ಗೋಡೆ ಒಳಗೆ ನಕ್ಕು ಮರೆತುಬಿಡೋರು. ನಾನೂ ಎರಡೇಟು ಹಾಕಿ ಮರೆತುಬಿಡ್ತಿದ್ದೆ. ಏಟಿನ ಗುರುತು ಸಂಜೆಗೆ ಮಾಸೋದು. ಈಗ ಯಾವುದೂ ಮಾಸಲ್ಲ. ಪ್ರಶ್ನೆ ಕೇಳಿದ್ರೆ ಮಕ್ಕಳು ನನ್ನ ಮುಖ ನೋಡಲ್ಲ, ಡೆಸ್ಕಿನ ಕೆಳಗೆ ನೋಡ್ತಾರೆ. ಎಷ್ಟು ತಡವಿದ್ರೂ ಒಂದು ಮೊಬೈಲ್ ಉಳಿದಿರುತ್ತೆ, ಉತ್ತರ ತೊಡೆ ಮೇಲಿರುತ್ತೆ. ನನ್ನ ಮುಖ ಬೇಕಾಗೋದು ಸ್ಟಿಕ್ಕರ್ ಮಾಡೋಕೆ. ನಾನು ಆಕಳಿಸಿದ್ದು ಒಂದು ಸ್ಟಿಕ್ಕರ್ ಇದೆ, ನೋಡಿದ್ದೀರಾ? ಇದೇ ಸ್ಟಾಫ್ ರೂಮಲ್ಲಿ ಎಲ್ಲರೂ ಅದನ್ನ ನೋಡಿ ನಕ್ಕಾಗ ನನಗೆ ಹೇಗಾಗಿತ್ತು ಗೊತ್ತಾ? ಎರಡು ದಿನ ಊಟ ಸೇರ್ಲಿಲ್ಲ.

...

ಹಾಂ? ... ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಹಾಕಿದ್ರಿ ಅಂತಾನಾ? ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ನನ್ನದು ಬೇರೆ, ಅವಳದ್ದು ಬೇರೆ. ನೀವು ಬೆಡ್‌ಶೀಟಿಗೆ ಇಸ್ತ್ರಿ ಹಾಕೋರು, ನಿಮಗೆಲ್ಲಿ ಅರ್ಥ ಆಗುತ್ತೆ? ನನ್ನ ವಾರಗಿತ್ತಿ ಒಬ್ಬಳಿದ್ದಾಳೆ, ಅವಳೂ ಟೀಚರ್ರೇ. ಮಗ್ಗಿ ಹೇಳ್ಕೊಡ್ತಾ ಕುಣೀತಾಳೆ. ಆ ಕುಣಿತಾನ ಇಪ್ಪತ್ತು ಸಾವಿರ ಜನ ನೋಡ್ತಾರೆ. ಮನೇಲಿ ಯಾವುದಾದ್ರೂ ಕಾರ್ಯ ಆದ್ರೆ ಅವಳ ಸುತ್ತ ಎಲ್ಲರೂ, ನನ್ನ ಪಕ್ಕ ಖಾಲಿ ಕುರ್ಚಿ. ನಾನು ಪಾಠ ಮಾಡಿದ ವಿಡಿಯೊ ಹಾಕಿದ್ರೆ ಮೂರು ಲೈಕು, ಅದರಲ್ಲಿ ಒಂದು ನಮ್ಮೆಜಮಾನ್ರದ್ದು. ಮಕ್ಕಳು ಓದೋದು ಹಾಕಿದ ಮೇಲೇನೇ ಜನ ನನ್ನ ಕಡೆ ತಿರುಗಿದ್ದು. ಚೆನ್ನಾಗಿ ಓದಿದ್ರೆ ಐದು ಜನ, ತಪ್ಪು ಓದಿದ್ರೆ ಐವತ್ತು ಜನ. ನಾನೇನು ಮಾಡ್ಲಿ, ಲೋಕವೇ ಹಾಗಿದೆ.

...

ಮತ್ತೆ ಅದೇ! ಇರೀಮ್ಮಾ, ನಿಮ್ಮದು ಆಮೇಲೆ. ನಾನು ಫೋನ್ ಮಾಡಿದ್ದು ಒಂದೇ ಒಂದು ಕೆಲಸಕ್ಕೆ. ಹುಡುಗಿ ಬಾಯಿಂದ ಒಂದು ಸಾಲು ಬರ್ಬೇಕು. 'ವಿಡಿಯೊ ತೆಗೆಯೋಕೆ ನಾನು ಒಪ್ಪಿದ್ದೆ, ಟೀಚರ್ ನನ್ನ ಕೇಳಿಯೇ ತೆಗೆದ್ರು.' ಅಷ್ಟೇ. ಇಲ್ಲಿ ಸ್ಕೂಲಿನ ಟ್ಯಾಬಲ್ಲಿ ರೆಕಾರ್ಡ್ ಮಾಡ್ಕೋತೀನಿ, ನಾಳೆ ಆ ಐವರಿಗೆ ಕೇಳಿಸ್ತೀನಿ, ಅಲ್ಲಿಗೆ ಮುಗೀತು.

...

ಯಾಕೆ ಹೇಳ್ಬೇಕು? ... ಹಾಗೆ ಕೇಳಿ. ಅವಳು ಸ್ಕೂಲಿಗೆ ಬರದೇ ಎಷ್ಟು ದಿನ ಆಯ್ತು? ಹತ್ತೊಂಬತ್ತು. ಹಾಜರಿ ಪುಸ್ತಕ ನನ್ನ ಕೈಯಲ್ಲಿದೆ. ಇನ್ನು ಎರಡು ದಿನ ತಪ್ಪಿದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ. ಮುಂದಿನ ವರ್ಷ ಅದೇ ಕ್ಲಾಸು, ಅದೇ ಬೆಂಚು, ಅದೇ ನಾನು. ಬೇಡ ಅಂದ್ರೆ ನಿಮ್ಮ ಜೊತೆ ಲಾಂಡ್ರಿಗೆ ಕರ್ಕೊಂಡು ಹೋಗಿ. ಅಲ್ಲಿ ಬಾಯಿಗೆ ಕೆಲಸ ಇಲ್ಲ, ಅಲ್ವಾ? ... ಅಳಬೇಡಿ. ನಾನೇನು ರಾಕ್ಷಸಿ ಅಲ್ಲ. ಆ ಸಾಲು ಹೇಳ್ಲಿ, ಹತ್ತೊಂಬತ್ತು ದಿನಾನೂ ಕಾಯಿಲೆ ಅಂತ ನಾನೇ ಬರ್ಕೋತೀನಿ. ಕೊಡಿ ಅವಳಿಗೆ ಫೋನು.

...

ಕೊಡೀಮ್ಮಾ, ಪಕ್ಕದಲ್ಲೇ ಇದ್ದಾಳೆ ಅಂತ ಗೊತ್ತು. ಮೂಗು ಎಳ್ಕೊಳ್ಳೋದು ಕೇಳಿಸ್ತಾ ಇದೆ.

...

ಹಾಂ, ಪುಟ್ಟಿ. ಹೇಗಿದ್ದೀಯಾ? ... ಬೇಡ ಬೇಡ, ಅದಕ್ಕೆ ಉತ್ತರ ಹೇಳೋಕೆ ಹೋಗ್ಬೇಡ, ಕತ್ತಲಾಗಿಬಿಡುತ್ತೆ. ಸಾಲು ಕೇಳಿಸ್ಕೊಂಡೆ ತಾನೆ? ಫೋನು ಬಾಯಿ ಹತ್ರ ಹಿಡ್ಕೋ. ನಾನು 'ಹೂಂ' ಅಂದ್ಮೇಲೆ ಶುರು ಮಾಡು. ... ಹೂಂ.

...

ಹಾಂ, ವಿ. ಆಮೇಲೆ? ... ವಿ, ವಿ, ವಿ! ಅದೇನು ಗಾಡಿ ಸ್ಟಾರ್ಟ್ ಮಾಡ್ತಿದ್ದೀಯಾ? ನಿಲ್ಸು. ಇದು ಬೇಡ. ಮೊದಲಿಂದ.

...

ಉಸಿರು ಎಳ್ಕೋ. ... ಬಿಡು. ... ಎಳ್ಕೊಂಡ ಉಸಿರು ಬಿಡೇ, ಸತ್ತುಗಿತ್ತು ಹೋದೀಯಾ! ಹೂಂ. ... ವಿಡಿಯೊ ತೆಗೆಯೋಕೆ... ಹಾಂ... ನಾನು... ಹಾಂ, ನಾನು, ಮುಂದೆ? ... ಒಪ್ಪಿದ್ದೆ. ಒ. ಬಾಯಿ ಗುಂಡಗೆ ಮಾಡು. ಒ. ... ಒಪ್ಪಿದ್ದೆ ಅನ್ನೋಕೆ ಇಷ್ಟು ಕಷ್ಟನಾ? ಪಂಜರದ ಗಿಳಿ ಹೇಳುತ್ತೆ ಕಣೇ ಇದನ್ನ! ... ಅಮ್ಮನ ಕಡೆ ನೋಡ್ತಿರ್ತೀಯಾ, ನನಗೆ ಗೊತ್ತಿಲ್ವಾ? ಎಲ್ಲಾ ಕಡೆ ಅವರೇ ನಿನ್ನ ಪರವಾಗಿ ಮಾತಾಡಿ ಮಾತಾಡಿ ನೀನು ಹೀಗಾಗಿರೋದು.

...

ನೋಡು, ನೀನು ತಡವರಿಸಿದ್ರೆ ಆ ಐವರು ಏನಂತಾರೆ? ಟೀಚರ್ ಹೆದರಿಸಿ ಹೇಳಿಸಿದ್ದಾರೆ ಅಂತಾರೆ. ಅದಕ್ಕೇ ನೀರು ಹರಿದ ಹಾಗೆ ಬರ್ಬೇಕು. ಏನು ಹೇಳ್ತಿದ್ದೀನಿ ಅಂತ ಯೋಚನೆನೇ ಮಾಡ್ಬೇಡ. ಕ್ಲಾಸಲ್ಲೂ ಅದನ್ನೇ ಹೇಳ್ತೀನಲ್ಲ, ಅರ್ಥ ಆಮೇಲೆ, ಮೊದಲು ವೇಗ. ನನ್ನ ಕಿವಿಗೆ ಬೇಕಾಗಿರೋದು ಅಷ್ಟೇ. ಕಡೇ ಸಲ. ಟೈಮ್ ಇಡ್ತೀನಿ. ಹೂಂ.

...

ಭೇಷ್! ಭೇಷ್ ಕಣೇ! ಒಂಬತ್ತು ಸೆಕೆಂಡು! ಎಲ್ಲೂ ನಿಲ್ಲಲಿಲ್ಲ, ಒಂದು ಅಕ್ಷರ ಎರಡು ಸಲ ಬರ್ಲಿಲ್ಲ! ನೋಡಿದ್ಯಾ, ನಾಚಿಕೆ ಎಂಥಾ ಮದ್ದು ಅಂತ? ನನ್ನನ್ನ ವಿಚಾರಣೆ ಮಾಡ್ತಾರಂತೆ, ವಿಚಾರಣೆ! ಇದನ್ನ ಕೇಳಿಸಿದ್ರೆ ಎದ್ದು ನಿಂತು ಚಪ್ಪಾಳೆ ಹೊಡೀಬೇಕು ಅವರು. ಇರು, ನಾನೂ ಇನ್ನೊಂದ್ಸಲ ಕೇಳಿಸ್ಕೋತೀನಿ.

...

ಏನಂದೆ ನೀನು?

...

'ಬೇಡ ಟೀಚರ್ ಅಂತ ಮೂರು ಸಲ ಹೇಳಿದ್ದೆ, ನೀವು ನಗ್ತಾ ಮೊಬೈಲ್ ಎತ್ತಿದ್ರಿ.' ಇದಾ ನಾನು ಹೇಳ್ಕೊಟ್ಟಿದ್ದು? ಇದಾ?

...

ಸರಿ. ಟಕ್ ಅಂದಿದ್ದು ಕೇಳಿಸ್ತಾ? ಅಳಿಸಿಬಿಟ್ಟೆ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ನೆಟ್ಟಗೆ ಮಾತಾಡಿದ್ದೆ, ಅದೂ ಹೋಯ್ತು. ಲೋಕದಲ್ಲಿ ಉಳಿಯೋದು ಆ ಡೋಲಿನ ವಿಡಿಯೊ ಒಂದೇ. ನಿನ್ನ ಮಕ್ಕಳು ಸ್ಕೂಲಿಗೆ ಹೋಗೋ ಕಾಲಕ್ಕೂ ಅದು ಇರುತ್ತೆ. 'ಅಮ್ಮಾ, ಇದು ನೀನಾ' ಅಂತ ಕೇಳ್ತವೆ. ಅವಕ್ಕೆ ಹೌದು ಅನ್ನೋಕೆ ಎಷ್ಟು ಹೊತ್ತು ಬೇಕಾಗುತ್ತೆ ನಿಂಗೆ?

...

ಹೋಗು, ನಾಳೆ ಬಂದು ಆ ಐವರ ಮುಂದೆ ಹೇಳು. ಹೇಳು ನೋಡೋಣ! ಐದು ಜೊತೆ ಕಣ್ಣು ನಿನ್ನ ಬಾಯನ್ನೇ ನೋಡ್ತಾ ಇರುತ್ತೆ. ಎದುರಿಗೆ ನಾನು ಕೂತಿರ್ತೀನಿ. 'ಬೇಡ' ಅನ್ನೋದರಲ್ಲಿ ನಿನ್ನ 'ಬೇ' ಮುಗಿಯೋಷ್ಟರಲ್ಲಿ ಅವರು ಟೀ ಕುಡಿದು ಎದ್ದು ಹೋಗಿರ್ತಾರೆ.

...

ಯಾರು? ಅಮ್ಮನಾ? ಫೋನ್ ಯಾಕೆ ಕಿತ್ಕೊಂಡ್ರಿ? ... ಆಗ್ಲಿಂದ ಹೇಳ್ಬೇಕು ಅಂತಿದ್ದಿದ್ದು ಏನು? ಹೇಳಿ, ಹೇಳಿ ಈಗ.

...

ಬರೆದು ಕೊಟ್ಟಿದ್ದಾಳಾ? ... ಯಾವಾಗ? ... ನಿನ್ನೆ ಸಂಜೆ? ಸ್ಕೂಲ್ ಬಿಟ್ಟ ಮೇಲಾ? ... ಎಂಟು ಪುಟ! ನಾಲ್ಕು ಪದ ಓದೋಕಾಗದವಳು ಎಂಟು ಪುಟ ಬರೆದ್ಲಾ? ಸುಳ್ಳು. ಯಾರು ಬರೆದುಕೊಟ್ರು? ... ಹೆಡ್‌ಮಾಸ್ಟರ್ ಎದುರಿಗೇ ಕೂತಾ? ... ಮೂರು ಸಲ ಬೇಡ ಅಂದಿದ್ದೂ? ... ನಾನು ನಕ್ಕಿದ್ದೂ ಬರೆದಿದ್ದಾಳಾ?

...

ಅಂದ್ರೆ ನಾಳೆ ಅವಳು ಮಾತಾಡೋದೇ ಬೇಡ್ವಾ? ... ಹಾಜರಿನೂ ಹೆಡ್‌ಮಾಸ್ಟರೇ ನೋಡ್ಕೋತಾರಂತಾ? ... ಮತ್ತೆ ಈಗ ಯಾಕಮ್ಮಾ ಫೋನ್ ಕೊಟ್ರಿ ಅವಳ ಕೈಗೆ? ಎಲ್ಲಾ ಮುಗಿಸ್ಕೊಂಡು ಕೂತಿದ್ದೀರಿ, ಯಾಕೆ ಕೊಟ್ರಿ?

...

ಅವಳೇ ಕೈ ಚಾಚಿದ್ಲಾ... ಒಂದ್ಸಲ ನನಗೇ ಬಾಯಲ್ಲಿ ಹೇಳ್ಬೇಕು ಅಂತ... ಕನ್ನಡಿ ಮುಂದೆ ನಿಂತು ಹತ್ತೊಂಬತ್ತು ದಿನಾನೂ ಅದೊಂದೇ ಸಾಲಾ?

...

ಇರಿ, ಇಡ್ಬೇಡಿ. ನೋಡೀಮ್ಮಾ, ಸಿಟ್ಟಲ್ಲಿ ಏನೇನೋ ಅಂದೆ, ಹೊಟ್ಟೆಗೆ ಹಾಕ್ಕೊಳ್ಳಿ. ನಂಗಿನ್ನು ನಾಲ್ಕೇ ವರ್ಷ ಸರ್ವೀಸ್ ಇರೋದು. ನಾಳೆ ಕೆಲಸದಿಂದ ತೆಗೆದ್ರೆ ನಾನು ಎಲ್ಲಿ ಮುಖ ತೋರಿಸ್ಲಿ? ಮನೇಲಿ ನನ್ನ ವಾರಗಿತ್ತಿ ಮುಂದೆ ಹೇಗೆ ಓಡಾಡ್ಲಿ? ಆ ಕಾಗದ ವಾಪಸ್ ತಗೊಳ್ತೀನಿ ಅಂತ ಅವಳು ಒಂದು ಮಾತು ಹೇಳಿದ್ರೆ ಸಾಕು, ನನ್ನ ಕೆಲಸ ಉಳಿಯುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಅವಳಿಗೆ ಕೊಡಿ.

...

ಪುಟ್ಟಿ? ನೀನೇನಾ? ಎಲ್ಲಾ ಕೇಳಿಸ್ಕೊಂಡೆ ತಾನೆ? ವಾಪಸ್ ತಗೊಳ್ತೀಯಾ ಮಗಳೇ? ... ಹಾಂ... ನಾ... ಹಾಂ, ನಾನು... ಮುಂದೆ? ... ಕಾ... ಕಾಗದಾನ... ಹಾಂ ಹಾಂ, ಕಾಗದಾನ... ಏನು ಮಾಡ್ತೀಯಾ? ... ವಾ ಅಂದ್ಯಾ? ವಾಪಸ್ಸಾ? ... ಇಲ್ಲ ಇಲ್ಲ, ನಾನು ಮಧ್ಯೆ ಬಾಯಿ ಹಾಕಲ್ಲ. ನಿಧಾನಕ್ಕೆ ಹೇಳು ಪುಟ್ಟಿ, ಅವಸರ ಏನೂ ಇಲ್ಲ. ಎಷ್ಟು ಹೊತ್ತಾದ್ರೂ ಆಗ್ಲಿ, ನಾನು ಕಾಯ್ತೀನಿ... ಕಾಯ್ತಾ ಇದ್ದೀನಿ... ಹಲೋ? ... ಪುಟ್ಟಿ? ಇಟ್ಟುಬಿಟ್ಯಾ? ... ಹಲೋ...