ನಾದಿನಿಗೆ ವಾಪಸ್ ಹೊರಟ ಕೋಳಿ

ಗದ್ವಾಲದಿಂದ ಧರೂರಿಗೆ ಹೋಗುವ ಬಸ್ಸಿನಲ್ಲಿ ಬಸವೇಶ್ವರಿಯ ಮುಂದಿನ ಸೀಟಿನಲ್ಲಿ ಬುಗ್ಗಮ್ಮ ಕೋಳಿಯಿದ್ದ ಚೀಲ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳ ಪರಿಚಯದ ರಜಿತಾ. ಬಸವೇಶ್ವರಿ ಕಿಟಕಿಯತ್ತ ನೋಡುತ್ತ ಕಿವಿಯನ್ನು ಮಾತ್ರ ಅವರಿಗೆ ಕೊಟ್ಟಳು.

"ಇದು ಆ ಕುಂಟಕೋಳಿ ಅಲ್ಲೇನಕ್ಕ?" ರಜಿತಾ ಕೇಳಿದಳು.

"ಅದೇ. ಅಂಗಾಲು ಬಾತು ಗಂಟಾಗಿತ್ತು. ಸಾಯೂದು ಅಂತ ನಾದಿನಿ ನನ್ನ ಅಂಗಳದಾಗ ಬಿಟ್ಟು ಹೋದ್ಲು. ಉಪ್ಪುನೀರಾಗ ತೊಳದು, ಅರಿಶಿಣ ಹಚ್ಚಿ, ಬಟ್ಟಿ ಕಟ್ಟಿ ನಡಸಿದೆ."

"ತನ್ನ ತತ್ತಿ ತಾನೇ ತಿಂತಿತ್ತಲ್ಲ?"

"ತತ್ತಿ ತಗದು ಬಿಳಿ ಕಲ್ಲಿಟ್ಟೆ. ಕುಟುಕಿ ಕುಟುಕಿ ಬ್ಯಾಸತ್ತು ಬಿಡ್ತು."

"ಮತ್ತ ಈಗೆಲ್ಲಿಗೆ?"

"ತತ್ತಿ ಉಳಿಯಾಕ ಹತ್ತಿದ ಮ್ಯಾಲ ನಾದಿನಿಗೆ ನೆನಪಾತು. ನನ್ನ ಕೋಳಿ ಕದ್ದಾಳ ಅಂತ ಓಣಿ ತುಂಬ ಸಾರಿದ್ಲು. ಕೊಡಾಕ ಹೊಂಟೀನಿ."

"ಸುಮ್ನ ಕೊಡ್ತೀಯಾ?"

"ವಾರದಿಂದ ಇದರ ಮುಂದ ತತ್ತಿ ಒಡದು ಹಾಕಿ, ಮತ್ತ ರುಚಿ ಹಚ್ಚೀನಿ. ಆಕಿ ಗೂಡು ತುಂಬ ಕೋಳಿ ಅದಾವ. ಇದನ್ನ ನೋಡಿ ಅವೂ ಕಲೀತಾವ."

"ಇದನ್ನ ಕೊಯ್ದು ಬಿಡ್ತಾಳಲ್ಲಕ್ಕ."

"ಕೊಯ್ಯಲಿ. ಉಳಿದವನ್ನೂ ಒಂದೊಂದಾಗಿ ಕೊಯ್ಯಲಿ."

ಧರೂರು ಬಂತು. ಇಳಿಯುವಾಗ ಬುಗ್ಗಮ್ಮ, ಕೋಳಿಯ ಕಾಲು ಬಾಗಿಲಿಗೆ ತಾಗದಂತೆ, ಚೀಲವನ್ನು ಎದೆಗೆ ಅವಚಿಕೊಂಡಳು.